ಕಾಳು, ಸೊಪ್ಪು, ರಾಗಿ: ಐದು ಜನರ ಅಡುಗೆಮನೆ ಲೆಕ್ಕ

ರಾಗಿ ಬಿಸ್ಕತ್ತಿನ ಪೊಟ್ಟಣ ಕೈಗೆ ಸಿಕ್ಕರೆ ತಿರುಗಿಸಿ ಹಿಂಬದಿ ಓದಿ. ಮುಂಬದಿಯಲ್ಲಿ ರಾಗಿ ತೆನೆ, ಹಸಿರು ಹೊಲ, ನಗುವ ಮಗು. ಹಿಂಬದಿಯಲ್ಲಿ ಕನ್ನಡಕ ಹಾಕಿಕೊಂಡು ಓದಬೇಕಾದ ಸಣ್ಣಕ್ಷರದಲ್ಲಿ ಪದಾರ್ಥಗಳ ಪಟ್ಟಿ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಅನೇಕ ಪೊಟ್ಟಣಗಳಲ್ಲಿ ಮೊದಲು ನಿಲ್ಲುವುದು ಮೈದಾ, ಅದರ ಬೆನ್ನಿಗೆ ಸಕ್ಕರೆ, ತಾಳೆ ಎಣ್ಣೆ. ರಾಗಿ ಅವುಗಳ ಹಿಂದೆಲ್ಲೋ. ಮೈದಾ ಎಂದು ನೇರವಾಗಿ ಬರೆಯದೆ ‘ಸಂಸ್ಕರಿಸಿದ ಗೋಧಿ ಹಿಟ್ಟು’ ಎಂದಿರುವುದೂ ಉಂಟು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ದಿನವಿಡೀ ಸಣ್ಣಕ್ಷರ ಓದುವ ಚಾಳಿ ಅಂಗಡಿಯಲ್ಲೂ ಬಿಡುವುದಿಲ್ಲ. ಮಕ್ಕಳು ನನ್ನ ಜೊತೆ ದಿನಸಿಗೆ ಬರುವುದಕ್ಕೆ ನಾಚಿಕೊಳ್ಳುವುದು ಅದಕ್ಕೇ.

ಆ ಸಣ್ಣಕ್ಷರಗಳನ್ನು ಓದಿ ಓದಿ ನಾನು ಕಂಡುಕೊಂಡದ್ದು ಇಷ್ಟು. ಧಾನ್ಯ ಅಗ್ಗ, ಅದನ್ನು ನಮ್ಮ ಬದಲು ಬೇರೆಯವರು ಬೀಸಿ, ಹುರಿದು, ಬೆರೆಸಿ, ತುಂಬಿ ಕೊಡುವುದು ದುಬಾರಿ. ಆ ಕೆಲಸಗಳಲ್ಲಿ ನಾಲ್ಕೈದನ್ನು ಮನೆಗೆ ವಾಪಸ್ ತಂದುಕೊಂಡರೆ ಕಡಿಮೆ ದುಡ್ಡಿನಲ್ಲಿ ಚೆನ್ನಾಗಿ ಉಣ್ಣಬಹುದು. ಎಲ್ಲವನ್ನೂ ತರಲು ಹೊರಟರೆ ಮಾತ್ರ ಬದುಕು ಒಲೆಯ ಮುಂದೆಯೇ ಕಳೆದುಹೋಗುತ್ತದೆ. ಯಾವುದನ್ನು ಮನೆಯಲ್ಲಿ ಮಾಡಬೇಕು, ಯಾವುದನ್ನು ಅಂಗಡಿಗೇ ಬಿಡಬೇಕು ಎಂದು ವಿಂಗಡಿಸುವುದರಲ್ಲಿ ಇಡೀ ಗುಟ್ಟು ಇದೆ.

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಬಾಡಿಗೆ ಮನೆ. ನಾನು, ಹೆಂಡತಿ, ಅಮ್ಮ, ಹೈಸ್ಕೂಲಿಗೆ ಹೋಗುವ ಮಗಳು, ಐದನೇ ತರಗತಿಯ ಮಗ. ಹೆಂಡತಿಗೆ ನರ್ಸಿಂಗ್ ಹೋಮ್‌ನಲ್ಲಿ ಪಾಳಿ ಕೆಲಸ; ಅವಳಿಗೆ ರಾತ್ರಿ ಪಾಳಿ ಬಂದ ವಾರ ಅಡುಗೆ ಪೂರ್ತಿ ನನ್ನದು. ಊಟದ ಬಾಬ್ತಿಗೆ ತಿಂಗಳಿಗೆ 10,000 ರೂಪಾಯಿ ಎತ್ತಿಡುತ್ತೇವೆ, ಗ್ಯಾಸ್ ಬೇರೆ. ಅದರಲ್ಲಿ ಹಾಲಿಗೆ 2,000, ತರಕಾರಿ ಮತ್ತು ಸೊಪ್ಪಿಗೆ 2,000, ಅಕ್ಕಿ, ರಾಗಿ, ಗೋಧಿಗೆ 1,600, ಕಾಳು ಬೇಳೆಗೆ 1,200, ಕಾಯಿಗೆ 600, ಹಣ್ಣಿಗೆ 600, ಎಣ್ಣೆಗೆ 500, ಮೊಟ್ಟೆಗೆ 400. ಉಳಿದ 1,100ರಲ್ಲಿ ಕಡಲೆಕಾಯಿ ಬೀಜ, ಬೆಲ್ಲ, ಸಾಂಬಾರ ಪದಾರ್ಥ, ಕಾಫಿಪುಡಿ. ತಲೆಗೆ ದಿನಕ್ಕೆ 67 ರೂಪಾಯಿಗಿಂತ ಚೂರು ಕಡಿಮೆ. ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿನ್ನುವ ದುಡ್ಡು. ಇಲ್ಲಿ ಬರೆದಿರುವ ಬೆಲೆಗಳೆಲ್ಲ ನಮ್ಮ ಬೀದಿಯವು. ನಿಮ್ಮ ಊರಿನಲ್ಲಿ ಐದು ಹತ್ತು ರೂಪಾಯಿ ಆಚೀಚೆ ಆಗಬಹುದು.

ರಾಗಿಯನ್ನು ಕಾಳಾಗಿ ಕೊಳ್ಳಿ

ಧಾರವಾಡ, ಕಲಬುರಗಿ ಕಡೆಯವರು ಕೊಳ್ಳುವ, ಬೀಸಿಸುವ ಮಾತು ಬಂದಲ್ಲಿ ರಾಗಿಯನ್ನು ಜೋಳ ಎಂದು ಓದಿಕೊಳ್ಳಲಿ; ಕೊಯ್ಲಿನ ಕಾಲ, ಬೆಲೆ, ಬಾಳಿಕೆ, ಕ್ಯಾಲ್ಸಿಯಂ ಲೆಕ್ಕ ಮಾತ್ರ ರಾಗಿಯವೇ. ನನ್ನೂರು ನಾಗಮಂಗಲದ ಕಡೆ, ಮಳೆಯಾಶ್ರಿತ ಹೊಲಗಳ ಸೀಮೆ, ಹಾಗಾಗಿ ನಾಲಿಗೆ ಮೊದಲು ರಾಗಿಯನ್ನೇ ಕೇಳುತ್ತದೆ.

ರಾಗಿ ಕೊಯ್ಲು ಆಗುವುದು ನವೆಂಬರ್, ಡಿಸೆಂಬರ್‌ನಲ್ಲಿ. ಕಣ ಮುಗಿದು ಸಂಕ್ರಾಂತಿಯ ಹೊತ್ತಿಗೆ ರೈತರ ಮನೆಯಲ್ಲಿ ಮೂಟೆ ಇರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ. ಕೊಳ್ಳುವುದಕ್ಕೆ ಅದೇ ಕಾಲ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕಿಲೋಗೆ 49. ಈ ಅಂಕಿ ತಲೆಯಲ್ಲಿದ್ದರೆ ರೈತನಿಗೆ ಎಷ್ಟು ಕೊಡುವುದು ನ್ಯಾಯ, ಅಂಗಡಿಯವನಿಗೆ ಎಷ್ಟು ಹೆಚ್ಚು ಕೊಡುತ್ತಿದ್ದೇವೆ ಎಂಬುದು ತಾನಾಗಿ ಗೊತ್ತಾಗುತ್ತದೆ. ರೈತನ ಜೊತೆ ಚೌಕಾಸಿ ಮಾಡಿ ಎರಡು ರೂಪಾಯಿ ಉಳಿಸುವ ಕೆಲಸ ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ; ಉಳಿತಾಯ ಬೇರೆ ಕಡೆ ಇದೆ. ಅಂಗಡಿಯಲ್ಲಿ ರಾಗಿ, ಒಂದಷ್ಟು ಕಾಳು, ನಾಲ್ಕು ಬಾದಾಮಿ ಸೇರಿಸಿದ ‘ಪೌಷ್ಟಿಕ ಮಿಶ್ರಣ’ ಅರ್ಧ ಕಿಲೋಗೆ 200 ದಾಟಿರುವುದನ್ನು ನೋಡಿದ್ದೇನೆ. ನಾಲ್ಕು ಕಿಲೋ ರಾಗಿಯ ಬೆಲೆ ಅದು.

ನಮ್ಮ ಮನೆಗೆ ತಿಂಗಳಿಗೆ 12 ಕಿಲೋ ರಾಗಿ ಬೇಕು. ವರ್ಷದ್ದನ್ನೆಲ್ಲ ಒಮ್ಮೆಗೇ ತರುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಬೀದಿಯ ಎರಡು ಮೂರು ಮನೆಯವರು ಸೇರಿ ಒಂದು ಕ್ವಿಂಟಲ್ ತರಿಸಿ ಹಂಚಿಕೊಳ್ಳಿ. ಸಾಗಣೆ ಖರ್ಚೂ ಹಂಚಿಹೋಗುತ್ತದೆ. ಊರಿನ ಕಡೆ ಯಾರೂ ಇಲ್ಲದವರು ದಿನಸಿ ಮಂಡಿಯಲ್ಲಿ 25 ಕಿಲೋ ಚೀಲ ಕೊಳ್ಳಬಹುದು.

ಇಟ್ಟರೆ ಕೆಡುವುದಿಲ್ಲ ಎಂಬುದು ರಾಗಿಯ ದೊಡ್ಡ ಗುಣ. ಕಾಳು ಸಣ್ಣದು, ಗಟ್ಟಿ. ಹುಳು ಸುಲಭವಾಗಿ ಬೀಳುವುದಿಲ್ಲ. ಹಿಂದೆ ನೆಲದೊಳಗೆ ತೋಡಿದ ಕಣಜದಲ್ಲಿ, ಅಂದರೆ ಹಗೇವಿನಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು, ಬರಗಾಲಕ್ಕೆ ಅದೇ ಆಧಾರ. ನಮ್ಮ ಬಾಡಿಗೆ ಮನೆಯಲ್ಲಿ ಹಗೇವು ಎಲ್ಲಿಂದ ಬರಬೇಕು? ಮುಚ್ಚಳವಿರುವ ತಗಡಿನ ಡ್ರಮ್ ಸಾಕು. ತಂದ ದಿನ ಬಿಸಿಲಿಗೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಿ. ಹಿಟ್ಟಿಗೆ ಆ ಆಯುಷ್ಯವಿಲ್ಲ. ಆದ್ದರಿಂದ ಒಂದು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಬೀಸಿಸಿ. ಜೋಳದವರು ಹದಿನೈದು ದಿನಕ್ಕೊಮ್ಮೆ ಬೀಸಿಸುವುದು ಒಳ್ಳೆಯದು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ತಟ್ಟುವಾಗ ಅಂಚು ಒಡೆಯುತ್ತದೆ. ಸಜ್ಜೆ ಹಿಟ್ಟಂತೂ ಬಲುಬೇಗ ಕಹಿಯಾಗುತ್ತದೆ, ವಾರಕ್ಕಿಂತ ಹೆಚ್ಚಿನದು ಬೇಡ.

ಗಿರಣಿಗೆ ಒಯ್ಯುವ ಮುಂಚೆ ಮೊರದಲ್ಲಿ ಕೇರಿ, ನೀರಿನಲ್ಲಿ ಎರಡು ಸಲ ತೊಳೆದು, ತಳದಲ್ಲಿ ಉಳಿದ ಮರಳು, ಕಲ್ಲು ಬಿಟ್ಟು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಅಮ್ಮ ಇರುವುದರಿಂದ ನಮ್ಮಲ್ಲಿ ಇದು ಸಲೀಸು. ಮೊರ ಹಿಡಿಯಲು ಬಾರದವರಿಗೆ ಜರಡಿ ಇದೆ. ಕೆಲವು ಗಿರಣಿಗಳಲ್ಲಿ ಕಾಳು ಶುಚಿ ಮಾಡುವ ಯಂತ್ರವೇ ಇರುತ್ತದೆ, ವಿಚಾರಿಸಿ. ಗಿರಣಿಯಲ್ಲಿ ಎರಡು ವಿಷಯ ಗಮನಿಸಿ. ಖಾರದಪುಡಿಗೂ ಹಿಟ್ಟಿಗೂ ಬೇರೆ ಬೇರೆ ಯಂತ್ರ ಇದೆಯೇ ನೋಡಿ. ಒಂದೇ ಆಗಿದ್ದರೆ ಬೇರೆ ಗಿರಣಿ ಹುಡುಕಿ. ಮನೆಗೆ ಬಂದ ಕೂಡಲೇ ಡಬ್ಬಿಯ ಬಾಯಿ ತೆರೆದಿಟ್ಟು ಹಿಟ್ಟು ಆರಲು ಬಿಡಿ. ಬಿಸಿ ಹಿಟ್ಟನ್ನು ಮುಚ್ಚಿಟ್ಟರೆ ಬೆವರಿ ಮುಗ್ಗಲು ಹಿಡಿಯುತ್ತದೆ. ಮುದ್ದೆ ನುಣುಪಾಗಲೆಂದು ತೆಳುಬಟ್ಟೆಯಲ್ಲಿ ಸೋಸುವವರಿದ್ದಾರೆ. ತೌಡೆಲ್ಲ ಹೋಗಿ ಉಳಿಯುವುದು ಬರೀ ಪಿಷ್ಟ. ಆಮೇಲೆ ನಾರಿನಂಶಕ್ಕೆಂದು ಬೇರೆ ಡಬ್ಬಿ ಕೊಳ್ಳುತ್ತಾರೆ!

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಇರುವುದು ಸುಮಾರು 120. ಹಾಲಿನ ದರ ಏರಿದಾಗಲೆಲ್ಲ ನನಗೆ ಧೈರ್ಯ ಕೊಡುವ ಅಂಕಿ ಇದು. ಇಷ್ಟು ಅಗ್ಗವಾಗಿ ಇಷ್ಟು ರಾಗಿ ನಮಗೆ ಸಿಗುತ್ತಿರುವುದರ ಹಿಂದೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರ ದುಡಿಮೆ ಇದೆ. ನಮ್ಮ ಜಿಲ್ಲೆಯಲ್ಲಿ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುವುದು.

ಕಾಳಿನ ಸರದಿ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 85 ಗ್ರಾಂ ಕಾಳು ಬೇಳೆ, ಅದರ ಒಂದು ಪಾಲಿಗೆ ಬದಲಾಗಿ ಮೊಟ್ಟೆ ಅಥವಾ ಮಾಂಸ ಎಂದಿದೆ. ಐದು ಜನಕ್ಕೆ ತಿಂಗಳಿಗೆ ಹೆಚ್ಚುಕಡಿಮೆ 13 ಕಿಲೋ ಆಯಿತು. ಮೊಟ್ಟೆ, ಎರಡು ಭಾನುವಾರದ ಕೋಳಿ, ಅಗ್ಗವಾದಾಗ ತರುವ ಬೂತಾಯಿ ಮೀನು ಇವುಗಳ ಪಾಲು ಕಳೆದರೆ 11 ಕಿಲೋ. ಅಷ್ಟನ್ನೂ ತೊಗರಿಬೇಳೆಯಲ್ಲೇ ತೂಗಿಸಲು ಹೋದರೆ ಕಿಲೋಗೆ 130ರಂತೆ 1,430 ರೂಪಾಯಿ ಬೇಕು, ಸಾರಿನ ರುಚಿಯೂ ದಿನಾ ಒಂದೇ. ನಾನು ತರುವುದು ತೊಗರಿಬೇಳೆ 4 ಕಿಲೋ, ಹುರುಳಿ 2, ಅಲಸಂದೆ 2, ಕಡಲೆಕಾಳು 2, ಹೆಸರುಕಾಳು 1. ಎಲ್ಲ ಸೇರಿ 1,200ರೊಳಗೆ ಮುಗಿಯುತ್ತದೆ.

ಇವುಗಳಲ್ಲಿ ನನ್ನ ಪಕ್ಷಪಾತ ಹುರುಳಿಗೆ. ಬೆಲೆಯಲ್ಲಿ ಎಲ್ಲಕ್ಕಿಂತ ಕೆಳಗೆ, ಪ್ರೋಟೀನ್‌ನಲ್ಲಿ ತೊಗರಿಗೆ ಸಮ: 100 ಗ್ರಾಂಗೆ 22ರ ಆಸುಪಾಸು. ಎತ್ತಿಗೆ ಹಾಕುವ ಕಾಳು ಎಂದು ಪೇಟೆಯವರು ಮೂಗು ಮುರಿಯುತ್ತಾರೆ. ಆ ಎತ್ತುಗಳು ಹೊಲ ಉಳುತ್ತಿದ್ದವು ಎಂಬುದನ್ನು ಮರೆಯುತ್ತಾರೆ. ಹುರುಳಿ ಮೊಳಕೆ ಕಟ್ಟುವ ಕ್ರಮ ಹೀಗೆ: ಬೆಳಿಗ್ಗೆ ಕಲ್ಲು ಆರಿಸಿ, ತೊಳೆದು, ಮೂರರಷ್ಟು ನೀರಿನಲ್ಲಿ ನೆನೆಹಾಕಿ. ರಾತ್ರಿ ಊಟದ ಪಾತ್ರೆ ತೊಳೆಯುವ ಹೊತ್ತಿಗೆ ನೀರು ಬಸಿದು, ತೆಳು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಪಾತ್ರೆಯಲ್ಲಿಟ್ಟು ತಟ್ಟೆ ಮುಚ್ಚಿ. ಮರುದಿನ ಎರಡು ಹೊತ್ತು ಬಟ್ಟೆಯ ಮೇಲೆ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಬಿಳಿ ಬಾಲ ಬರುತ್ತದೆ, ಮಾಗಿಯ ಚಳಿಯಲ್ಲಿ ಎರಡು ದಿನ ಕಾಯಬೇಕು. ಬಟ್ಟೆ ತೊಪ್ಪೆಯಾಗಿದ್ದರೆ ಲೋಳೆ ಬಂದು ವಾಸನೆ ಹಿಡಿಯುತ್ತದೆ. ನೀರಿಗಿಂತ ಗಾಳಿ ಮುಖ್ಯ.

ಮೊಳಕೆ ಬಂದ ಕಾಳು ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ, ಹೊಟ್ಟೆಯುಬ್ಬರ ಕಡಿಮೆ, ಕಬ್ಬಿಣದಂಶ ಮೈಗೆ ಹಿಡಿಯಲು ಅಡ್ಡಿ ಮಾಡುವ ಫೈಟೇಟ್ ಕೂಡ ಇಳಿಯುತ್ತದೆ. ಮೇಲೆ ಒಂದು ಹೋಳು ನಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಹುರುಳಿ ಉಷ್ಣವೆಂದು ಅಮ್ಮ ತಕರಾರು ತೆಗೆಯುತ್ತಾರೆ. ವಾದ ಮಾಡದೆ ಹೆಸರುಕಾಳಿಗೆ ಹೋಗುತ್ತೇನೆ.

ಹುಳು ಬೀಳುವುದು ಕಾಳಿಗೇ ಹೆಚ್ಚು, ಅಲಸಂದೆಗಂತೂ ಬೇಗ. ಅದನ್ನು ವರ್ಷಕ್ಕೆ ಕೂಡಿಡುವ ಆಸೆ ಬೇಡ, ತಿಂಗಳ ಲೆಕ್ಕ ಸಾಕು. ತೊಗರಿಬೇಳೆ ಹೆಚ್ಚು ತಂದರೆ ಚೂರು ಹರಳೆಣ್ಣೆ ಸವರಿ ಒಣಗಿಸಿಡಿ.

ಬಸ್ಸಾರು: ಒಂದು ಪಾತ್ರೆ, ಎರಡು ಪದಾರ್ಥ

ಬಡತನದಲ್ಲಿ ಹುಟ್ಟಿದ ಅಡುಗೆಗಳಲ್ಲಿ ಬಸ್ಸಾರಿನಷ್ಟು ಬುದ್ಧಿವಂತಿಕೆ ಇರುವ ಇನ್ನೊಂದನ್ನು ನಾನು ಕಂಡಿಲ್ಲ. ಕಾಳು, ಸೊಪ್ಪು ಬೇಯಿಸಿದ ನೀರು ಸಾರಾಗುತ್ತದೆ, ಬಸಿದು ಉಳಿದದ್ದು ಪಲ್ಯವಾಗುತ್ತದೆ. ನೀರಿಗಿಳಿದ ಸತ್ವ ಚರಂಡಿಗೆ ಹೋಗುವುದಿಲ್ಲ. ಗೊತ್ತಿದ್ದವರು ಈ ಭಾಗ ಬಿಟ್ಟು ಮುಂದೆ ಹೋಗಿ. ಮದುವೆಯಾಗಿ ಬೇರೆ ಸೀಮೆಯಿಂದ ಬಂದವರಿಗೂ ಕೋಣೆ ಮಾಡಿಕೊಂಡಿರುವ ಹುಡುಗರಿಗೂ ವಿವರವಾಗಿ ಬರೆಯುತ್ತಿದ್ದೇನೆ.

ಐದು ಜನಕ್ಕೆ ಒಂದು ದೊಡ್ಡ ಲೋಟ ಅಲಸಂದೆ ಅಥವಾ ತೊಗರಿಬೇಳೆ, ಎರಡು ಕಟ್ಟು ಸೊಪ್ಪು. ದಂಟು, ಸಬ್ಬಸಿಗೆ, ಹರಿವೆ, ಬೆರಕೆ ಸೊಪ್ಪು ಯಾವುದಾದರೂ ಆದೀತು. ಹುರುಳಿಕಾಯಿ, ಎಲೆಕೋಸು ಹಾಕುವವರೂ ಇದ್ದಾರೆ. ರಾತ್ರಿ ನೆನೆಸಿದ ಕಾಳನ್ನು ಆರೇಳು ಲೋಟ ನೀರಿನಲ್ಲಿ ಬೇಯಲಿಡಿ. ಕಾಳು ಮೆತ್ತಗಾಗಬೇಕು, ಒಡೆದು ಹಿಟ್ಟಾಗಬಾರದು. ಬೆಂದ ಮೇಲೆ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ ಕುದಿಸಿ, ಜಾಲರಿಯಲ್ಲಿ ಬಸಿಯಿರಿ. ಕೆಳಗೆ ಇಳಿದದ್ದು ಕಟ್ಟು.

ಮಸಾಲೆಗೆ ಒಂದು ಚಮಚ ಎಣ್ಣೆಯಲ್ಲಿ ದಪ್ಪ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಜೀರಿಗೆ, ಎಂಟು ಹತ್ತು ಕಾಳುಮೆಣಸು, ಒಂದು ಟೊಮೆಟೊ ಬಾಡಿಸಿ. ಎರಡು ಚಮಚ ಸಾರಿನಪುಡಿ, ಹಿಡಿ ಕಾಯಿತುರಿ, ಗೋಲಿಯಷ್ಟು ಹುಣಸೆಹಣ್ಣು ಸೇರಿಸಿ. ಇದರ ಜೊತೆ ಬೆಂದ ಕಾಳುಸೊಪ್ಪನ್ನೂ ಒಂದು ಹಿಡಿ ಹಾಕಿ ನುಣ್ಣಗೆ ರುಬ್ಬಿ; ಸಾರಿಗೆ ಮೈ ಬರುವುದು ಆ ಹಿಡಿಯಿಂದ, ಅದನ್ನು ಬಿಟ್ಟರೆ ನೀರುನೀರಾಗುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಮೇಲೆ ಚೂರು ಕಾಯಿತುರಿ ಉದುರಿಸಿದರೆ ಪಲ್ಯ.

ಮರುದಿನ ಈ ಸಾರು ಇನ್ನೂ ರುಚಿ. ಹಾಗಾಗಿ ಹೆಂಡತಿಯ ರಾತ್ರಿ ಪಾಳಿಯ ವಾರ ಸೋಮವಾರ ಸಂಜೆ ದೊಡ್ಡ ಪಾತ್ರೆಯಲ್ಲಿ ಮಾಡಿಬಿಡುತ್ತೇನೆ. ಮಂಗಳವಾರ ಮುದ್ದೆ ಕಟ್ಟಿದರೆ ಊಟ ತಯಾರು. ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು, ಹುರುಳಿ ಕಟ್ಟಿನ ಸಾರು ಈ ನಾಲ್ಕು ಕೈಗೆ ಬಂದರೆ ವಾರ ಸಾಗುತ್ತದೆ. ರಾಗಿ ಹೊಲದ ನಡುನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಿದ್ದರು, ತಟ್ಟೆಯಲ್ಲೂ ಅವೇ ಜೊತೆಯಾದವು. ಹುಚ್ಚೆಳ್ಳು ಸಿಕ್ಕರೆ ಬಿಡಬೇಡಿ: ಹುರಿದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಸೆಹಣ್ಣು ಹಾಕಿ ಪುಡಿ ಮಾಡಿಟ್ಟರೆ ಸಾರಿಲ್ಲದ ದಿನವೂ ಬಿಸಿ ರೊಟ್ಟಿ ಇಳಿಯುತ್ತದೆ.

ಸೊಪ್ಪು, ತರಕಾರಿ

ಅದೇ ಮಾರ್ಗಸೂಚಿ ದಿನಕ್ಕೆ ತಲೆಗೆ 400 ಗ್ರಾಂ ತರಕಾರಿ ಎನ್ನುತ್ತದೆ. ಐದು ಜನಕ್ಕೆ 2 ಕಿಲೋ. ನಮ್ಮ ದುಡ್ಡಿನಲ್ಲಿ ಒಂದೂವರೆ ಕಿಲೋ ಮುಟ್ಟುತ್ತೇವೆ, ಅದೂ ಸೊಪ್ಪಿನ ದಯೆಯಿಂದ.

ಯಾವಾಗ ಕೊಳ್ಳುತ್ತೇವೆ ಎಂಬುದರ ಮೇಲೆ ಬೆಲೆ ನಿಂತಿದೆ. ಮೈಸೂರಿನಲ್ಲಿ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಬೆಳಗಿನ ಜಾವ ಹೋದರೆ ತಾಜಾ ಮಾಲು, ಸಗಟಿಗೆ ಹತ್ತಿರದ ದರ. ಸಂಜೆ ಹೊತ್ತು ಮುಳುಗಿದ ಮೇಲೆ ಹೋದರೆ ಬಾಡುವ ಮುಂಚೆ ಮಾರಿ ಊರಿನ ಬಸ್ ಹಿಡಿಯುವ ಅವಸರದಲ್ಲಿರುವವರು ಒಂದು ಕಟ್ಟಿನ ದುಡ್ಡಿಗೆ ಎರಡು ಕಟ್ಟು ಕೊಡುತ್ತಾರೆ. ಮಧ್ಯಾಹ್ನ ಹನ್ನೊಂದಕ್ಕೆ ಮನೆ ಬಾಗಿಲಿಗೆ ಬರುವ ಗಾಡಿ ಎಲ್ಲಕ್ಕಿಂತ ದುಬಾರಿ. ದರ ಗೊತ್ತಾಗದೆ ಒದ್ದಾಡುವವರು ಹಾಪ್‌ಕಾಮ್ಸ್ ಮಳಿಗೆಯ ಬೋರ್ಡು ನೋಡಿಕೊಂಡು ಮುಂದೆ ಹೋಗಲಿ, ಆ ದಿನದ ಬೆಲೆ ಅಂದಾಜಿಗೆ ಸಿಗುತ್ತದೆ.

ಸೊಪ್ಪಿನಲ್ಲಿ ಪಾಲಕ್, ಮೆಂತ್ಯಕ್ಕೇ ನಿಂತುಬಿಡಬೇಡಿ. ಹಳ್ಳಿಯಿಂದ ಬರುವ ಹೆಂಗಸರ ಕುಕ್ಕೆಯಲ್ಲಿ ಅಣ್ಣೆ, ಕಿರಕೀರೆ, ಗಣಿಕೆ, ಹೊನಗೊನ್ನೆ ಸೇರಿದ ಬೆರಕೆ ಸೊಪ್ಪು ಇರುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ, ಯಾವುದಕ್ಕೆ ಯಾವ ಕಾಳು ಹೊಂದುತ್ತದೆ ಎಂಬುದನ್ನೂ ಹೇಳುತ್ತಾರೆ. ನುಗ್ಗೆ ಸೊಪ್ಪಿಗೆ ದುಡ್ಡು ಕೊಡುವ ಅಗತ್ಯವೇ ಬೀಳುವುದಿಲ್ಲ. ಯಾರಾದರೊಬ್ಬರ ಕಾಂಪೌಂಡಿನಲ್ಲಿ ಮರ ಇದ್ದೇ ಇರುತ್ತದೆ, ಕೇಳಿದರೆ ಕೊಂಬೆ ಸಮೇತ ಮುರಿದುಕೊಡುತ್ತಾರೆ. ದಂಟಿನ ಕಾಂಡ, ಮೂಲಂಗಿಯ ಎಲೆ, ಹೂಕೋಸಿನ ಎಳೆ ಎಲೆ, ಕುಂಬಳದ ತಿರುಳು ಎಸೆಯುವ ವಸ್ತುಗಳಲ್ಲ.

ಋತು ಬಿಟ್ಟು ಆಸೆಪಟ್ಟರೆ ದಂಡ. ಅವರೆಕಾಯಿ ಡಿಸೆಂಬರ್, ಜನವರಿಯಲ್ಲಿ ರಾಶಿ ಬೀಳುತ್ತದೆ. ಆಗ ಎರಡು ತಿಂಗಳು ನಮ್ಮಲ್ಲಿ ಬೇಳೆ ಡಬ್ಬಿ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಹಣ್ಣಿಗೆ ಬಾಳೆ, ಪರಂಗಿ, ಸೀಬೆ. ಸೀಬೆಯಲ್ಲಿ ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು ಸಿ ಜೀವಸತ್ವ ಇದೆ, ಬೆಲೆ ಕಡಿಮೆ. ದೂರದ ದೇಶದಿಂದ ಮೇಣ ಸವರಿಕೊಂಡು ಬರುವ ಸೇಬಿಗೆ ನಮ್ಮ ಮನೆಯಲ್ಲಿ ಜ್ವರ ಬಂದಾಗಲೂ ಪ್ರವೇಶವಿಲ್ಲ.

ಸಮಯ ಎಲ್ಲಿದೆ?

ನ್ಯಾಯವಾದ ಪ್ರಶ್ನೆ. ದುಡ್ಡಿನ ಮುಗ್ಗಟ್ಟು ಇರುವವರಿಗೇ ಸಮಯದ ಮುಗ್ಗಟ್ಟೂ ಹೆಚ್ಚು. ನನ್ನ ಉತ್ತರ ಎರಡು. ರಾತ್ರಿ ಮಲಗುವ ಮುಂಚೆ ಐದು ನಿಮಿಷ ನಾಳೆಗೆ ಕೊಡಿ: ಕಾಳು ನೆನೆಹಾಕುವುದು, ಸೊಪ್ಪು ಬಿಡಿಸಿ ಬಟ್ಟೆಯಲ್ಲಿ ಸುತ್ತಿಡುವುದು, ಹಿಟ್ಟು ಹುದುಗಲು ಇಡುವುದು. ಕಾಳು ನೆನೆಹಾಕಲು ಮರೆತರೆ ಮರುದಿನ ಕೈ ಪೊಟ್ಟಣಕ್ಕೇ ಹೋಗುತ್ತದೆ. ಎರಡನೆಯದು ಭಾನುವಾರದ ಎರಡು ಗಂಟೆ, ಮನೆಮಂದಿಯೆಲ್ಲ ಸೇರಿ. ದೋಸೆಗೆ ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ ನೆನೆಸಿ ರುಬ್ಬಿದರೆ ಬುಧವಾರದವರೆಗೆ ಬೆಳಗಿನ ತಿಂಡಿಯ ಚಿಂತೆಯಿಲ್ಲ. ಎರಡನೆಯ ದಿನ ಅದಕ್ಕೇ ರಾಗಿ ಹಿಟ್ಟು ಕಲಸಿದರೆ ರಾಗಿ ದೋಸೆ. ಸಾರಿನಪುಡಿ, ಕಡಲೆಕಾಯಿ ಚಟ್ನಿಪುಡಿ ತಿಂಗಳಿಗೊಮ್ಮೆ. ಬೇಸಿಗೆಯ ಬೆಳಿಗ್ಗೆಗೆ ಅಂಬಲಿ ಇದೆ: ರಾತ್ರಿ ಕಾಯಿಸಿಟ್ಟ ರಾಗಿ ಗಂಜಿಗೆ ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಒಲೆ ಹಚ್ಚುವುದೇ ಬೇಡ.

ಮಕ್ಕಳ ಹಾಲಿಗೆ ಬೆರೆಸುವ ಅಂಗಡಿ ಡಬ್ಬಿಯ ಪುಡಿಗೆ ಬದಲು ಮನೆಯಲ್ಲೇ ರಾಗಿ ಮಾಲ್ಟ್ ಮಾಡಿಕೊಳ್ಳಿ. ಎರಡು ಕಿಲೋ ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಸಣ್ಣ ಮೊಳಕೆ ಬರುವವರೆಗೆ ಒಂದೆರಡು ದಿನ ಬಿಡಿ. ನೆರಳಿನಲ್ಲಿ ಹರಡಿ ಪೂರ್ತಿ ಒಣಗಿಸಿ. ತೇವ ಉಳಿದರೆ ಬೂಷ್ಟು ಬರುತ್ತದೆ, ಆಗ ಅದನ್ನು ಉಪಯೋಗಿಸಲೇಬಾರದು. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ನಾಲ್ಕು ಏಲಕ್ಕಿ ಹಾಕಿ ಬೀಸಿಸಿ. ಮೊಳಕೆಯೊಡೆದ ರಾಗಿಯ ಗಂಜಿ ತೆಳ್ಳಗೆ ಇಳಿಯುತ್ತದೆ, ಅದರಿಂದ ಚಿಕ್ಕ ಮಕ್ಕಳು ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಕುಡಿಯುತ್ತಾರೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ಪುಡಿಯ ಡಬ್ಬಿಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಿಂದ ತೆಗೆಯಲು ಹೇಳಿತು. ನಮ್ಮ ದೇಶದ ಆಹಾರ ಕಾನೂನಿನಲ್ಲಿ ಆರೋಗ್ಯ ಪೇಯವೆಂಬುದಕ್ಕೆ ವ್ಯಾಖ್ಯೆಯೇ ಇಲ್ಲ. ಮನೆಯ ಮಾಲ್ಟಿಗೆ ಬೆಲ್ಲ ಎಷ್ಟು ಹಾಕಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ, ಅದು ದೊಡ್ಡ ಲಾಭ. ಬೆಲ್ಲವೂ ಸಕ್ಕರೆಯ ಅಣ್ಣನೇ ಎಂಬುದು ನೆನಪಿರಲಿ.

ಸಂಜೆಯ ತಿಂಡಿಗೆ ಬೇಯಿಸಿದ ಕಡಲೆಕಾಯಿ, ಪುರಿ ಹುರಿಗಡಲೆ, ಒಗ್ಗರಣೆ ಅವಲಕ್ಕಿ. ಮಗನಿಗೆ ಶನಿವಾರ ಒಂದು ಪೊಟ್ಟಣ ಬಿಸ್ಕತ್ತು ಉಂಟು. ಪೂರ್ತಿ ನಿಷೇಧಿಸಿದರೆ ಗೆಳೆಯರ ಮನೆಯಲ್ಲಿ ಬಕಾಸುರನಾಗುತ್ತಾನೆ.

ಅಂಗಡಿಗೇ ಬಿಡಬೇಕಾದದ್ದು

ಶಾವಿಗೆ, ಹಪ್ಪಳ, ಬೆಣ್ಣೆ, ಹುರಿಹಿಟ್ಟು ಮನೆಯಲ್ಲಿ ಮಾಡಲು ಹೋಗಬೇಡಿ; ಮಹಿಳಾ ಸ್ವಸಹಾಯ ಸಂಘದವರು ಮಾಡಿದ್ದು ಸಿಗುತ್ತದೆ, ಕೊಳ್ಳಿ. ಹಾಲಿನ ಪೊಟ್ಟಣ, ಅಯೋಡಿನ್ ಉಪ್ಪು, ಒಡೆದ ಬೇಳೆ ಇವನ್ನೂ ಸಂಸ್ಕರಿಸಿದ್ದೆಂದು ದೂರ ಇಡುವ ಅತಿರೇಕ ನನ್ನದಲ್ಲ. ಗಾಣದ ಎಣ್ಣೆ ಘಮಘಮ, ನಿಜ. ನಮ್ಮ ಬೀದಿಯಲ್ಲಿ ಬೆಲೆ ಹತ್ತಿರ ಹತ್ತಿರ ಎರಡು ಪಟ್ಟು. ಐದು ಜನಕ್ಕೆ ತಿಂಗಳಿಗೆ ಮೂರು ಲೀಟರ್ ಮಾಮೂಲಿ ಎಣ್ಣೆಯಲ್ಲಿ ಮುಗಿಸಿ, ಕರಿದದ್ದನ್ನು ಹಬ್ಬಕ್ಕೆ ಮುಂದೂಡಿ, ಉಳಿದ ದುಡ್ಡಿನಲ್ಲಿ ಕಡಲೆಕಾಯಿಯನ್ನೇ ತಿನ್ನುವುದು ಮೇಲು.

ಸಿರಿಧಾನ್ಯದ ವಿಷಯದಲ್ಲೂ ಹಾಗೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲೆ ನವಣೆ, ಸಾಮೆ, ಕೊರಲೆ ಚಂದದ ಪೊಟ್ಟಣ ಸೇರಿದವು, ಬೆಲೆ ನಮ್ಮ ಕೈ ಮೀರಿತು. ಬಾಯಿ ರುಚಿಗೆ ಒಂದು ಕಿಲೋ ತನ್ನಿ, ತಪ್ಪಿಲ್ಲ. ರಾಗಿ, ಜೋಳ ತಿನ್ನುವವನು ಅವಿಲ್ಲದೆ ಏನನ್ನೂ ಕಳೆದುಕೊಳ್ಳುವುದಿಲ್ಲ.

ನಮಗೆ ಪಡಿತರ ಬರುವುದಿಲ್ಲ. ಬರುವವರಿಗೆ ಒಂದು ಮಾತು. ಪಡಿತರ ಅಕ್ಕಿಯಲ್ಲಿ ಬಣ್ಣ ಸ್ವಲ್ಪ ಬೇರೆ ಇರುವ, ನೀರಿನಲ್ಲಿ ತೇಲಬಹುದಾದ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ನಮ್ಮ ಬೀದಿಯಲ್ಲೂ ಆರಿಸಿ ಎಸೆಯುತ್ತಾರೆ. ಅವು ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಕಾಳುಗಳು. 100 ಕಿಲೋ ಅಕ್ಕಿಗೆ 1 ಕಿಲೋ ಬೆರೆಸಿ ಕೊಡುತ್ತಿದ್ದರು. ಅಂಥ ಕಾಳು ಕಂಡರೆ ಎಸೆಯಬೇಡಿ, ನಾಲ್ಕಾರು ಸಲ ತಿಕ್ಕಿ ತೊಳೆಯಬೇಡಿ, ಗಂಜಿ ಬಸಿಯಬೇಡಿ. ಆ ಅಕ್ಕಿಯ ಅನ್ನ ಹಿಡಿಸದಿದ್ದರೆ ಇಡ್ಲಿ, ದೋಸೆಗೆ ಹಾಕಿ, ಚೆನ್ನಾಗಿಯೇ ಆಗುತ್ತದೆ. ಮನೆ ಬಾಗಿಲಿಗೆ ಬರುವವನಿಗೆ ಅದನ್ನು ಕವಡೆ ಕಾಸಿಗೆ ಮಾರಿ ಆ ದುಡ್ಡಿನಲ್ಲಿ ನೂಡಲ್ಸ್ ತರುವುದನ್ನು ನೋಡಿದಾಗ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ಮಾರುವುದು ಕಾನೂನಿಗೂ ವಿರುದ್ಧ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ, ಈ ತಿಂಗಳು 500 ರೂಪಾಯಿ ಬೇರೆ ತೆಗೆದಿಡಿ. ಐದು ಕಿಲೋ ರಾಗಿಗೆ 250, ಒಂದು ಕಿಲೋ ಹುರುಳಿಗೆ 80, ಅರ್ಧ ಕಿಲೋ ಅಲಸಂದೆಗೆ 50, ಅರ್ಧ ಕಿಲೋ ಕಡಲೆಕಾಯಿ ಬೀಜಕ್ಕೆ 65, ಎರಡು ಕಟ್ಟು ಸೊಪ್ಪಿಗೆ 30. ಉಳಿದ 25 ರೂಪಾಯಿ ಗಿರಣಿಗೆ. ಕಿಲೋಗೆ ಐದಕ್ಕಿಂತ ಹೆಚ್ಚು ಕೇಳಿದರೆ ಸೊಪ್ಪಿನಲ್ಲಿ ಚೌಕಾಸಿ ಮಾಡದೆ ಕಡಲೆಕಾಯಿಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಅಲಸಂದೆಯನ್ನು ಇವತ್ತು ರಾತ್ರಿ ನೆನೆಹಾಕಿ, ನಾಳೆ ಬಸ್ಸಾರು. ಹುರುಳಿಯನ್ನು ನಾಳೆ ಬೆಳಿಗ್ಗೆ ನೆನೆಹಾಕಿದರೆ ಮೊಳಕೆಯೊಡೆಯುವ ಹೊತ್ತಿಗೆ ಮೊದಲ ಸಾರು ಮುಗಿದಿರುತ್ತದೆ. ನಮ್ಮ ಗಿರಣಿಗೆ ಮಂಗಳವಾರ ರಜೆ. ನಿಮ್ಮದಕ್ಕೆ ಯಾವ ದಿನವೆಂದು ವಿಚಾರಿಸಿಕೊಂಡು ಚೀಲ ಎತ್ತಿ.